ಆಷಾಢದಲ್ಲಿ ಗ್ಯಾರೇಜು ಸೇರುವ ಬಸ್ಸುಗಳು

ಆಷಾಢ ಬಂತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಕಲ್ಯಾಣ ಮಂಟಪಗಳಿಗೆ ಬೀಗ ಬೀಳುತ್ತದೆ. ಅದೇ ಹೊತ್ತಿಗೆ ಊರಂಚಿನ ಗ್ಯಾರೇಜುಗಳು ತುಂಬಿಕೊಳ್ಳುತ್ತವೆ. ಮದುವೆ ದಿಬ್ಬಣ, ಬೀಗರೂಟ, ಗೃಹಪ್ರವೇಶ, ಹರಕೆ ಎಂದು ಮಾಘದಿಂದ ಜ್ಯೇಷ್ಠದವರೆಗೆ ಬಿಡುವಿಲ್ಲದೆ ಓಡಿದ ಬಾಡಿಗೆ ಬಸ್ಸುಗಳು ಸಾಲಾಗಿ ಬಂದು ನಿಲ್ಲುತ್ತವೆ. ಒಂದರ ಹಿಂದಿನ ಚಕ್ರ ಕಳಚಿ ಜಾಕಿಯ ಮೇಲೆ ಕೂತಿರುತ್ತದೆ, ಇನ್ನೊಂದರ ರೇಡಿಯೇಟರು ಹೊರಬಂದು ಗೋಡೆಗೆ ಒರಗಿರುತ್ತದೆ, ಮತ್ತೊಂದರ ಸೀಟುಗಳೆಲ್ಲ ಬೇವಿನ ಮರದ ಕೆಳಗೆ. ಆಷಾಢ ಶುಕ್ರವಾರಗಳ ಚಾಮುಂಡಿ ಬೆಟ್ಟದ ಬಾಡಿಗೆ ಬಿಟ್ಟರೆ ಈ ತಿಂಗಳು ಓಡಾಟ ಕಡಿಮೆ. ಶ್ರಾವಣ ಹುಟ್ಟಿತೆಂದರೆ ಮತ್ತೆ ಪುರುಸೊತ್ತಿಲ್ಲ. ಧನುರ್ಮಾಸದಲ್ಲಿ ಮದುವೆಗಳು ನಿಂತರೂ ಓಂ ಶಕ್ತಿ ಮಾಲೆಯವರು, ಅಯ್ಯಪ್ಪ ಮಾಲೆಯವರು ಬಸ್ಸನ್ನು ಬಿಡುವುದಿಲ್ಲ. ಹಾಗಾಗಿ ಹಳೆಯ ಡೀಸೆಲ್ ಬಸ್ಸೊಂದು ಮುಂದಿನ ವರ್ಷವಿಡೀ ಹೇಗೆ ಓಡೀತು ಎಂಬುದು ಈ ಒಂದು ತಿಂಗಳಲ್ಲೇ ತೀರ್ಮಾನವಾಗುತ್ತದೆ.

ಈ ಬಸ್ಸುಗಳಲ್ಲಿ ಎಷ್ಟೋ ಮೊದಲಿಂದಲೂ ದೇವಸ್ಥಾನ ಸುತ್ತುತ್ತಿದ್ದವಲ್ಲ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಬಿಡದಿಯಲ್ಲಿ ನೆಲೆಯೂರಿತು. ಆಮೇಲೆ ಅಲ್ಲಿಯ ಕೈಗಾರಿಕಾ ಪ್ರದೇಶ ಬೆಳೆಯಿತು, ಹಾರೋಹಳ್ಳಿಯಲ್ಲೂ ಕಾರ್ಖಾನೆಗಳು ಎದ್ದವು. ಶಿಫ್ಟಿನ ಕಾರ್ಮಿಕರನ್ನು ಕರೆದೊಯ್ದು ಮರಳಿ ಬಿಡುವ ಬಸ್ಸುಗಳು ಸುತ್ತಲಿನ ಹಳ್ಳಿಗಳಲ್ಲಿ ಕಾಣಿಸಿಕೊಂಡವು. ಟಾಟಾ 709, ಐಷರ್, ಸ್ವರಾಜ್ ಮಜ್ದಾ, ಇನ್ನೂ ದೊಡ್ಡದು ಬೇಕಾದರೆ ಅಶೋಕ್ ಲೇಲ್ಯಾಂಡ್. ಗಾಡಿಗೆ ವಯಸ್ಸಾಯಿತು ಎಂದು ಕಂಪನಿಯವರು ಬೇಡವೆಂದಾಗ ಅದು ಗುತ್ತಿಗೆದಾರರ ಕೈಯಿಂದ ಊರಿನ ಒಬ್ಬ ಡ್ರೈವರ್ ಕೈಗೋ, ಅಣ್ಣತಮ್ಮಂದಿರು ಸೇರಿ ದುಡ್ಡು ಹಾಕಿದ ಒಂದು ಮನೆಗೋ ಬರುತ್ತದೆ. ಬೆಳಗಿನ ಜಾವ ಕಾರ್ಖಾನೆಯ ಗೇಟಿಗೆ ಓಡುತ್ತಿದ್ದ ಬಸ್ಸು ಈಗ ಅಜ್ಜಿ, ಸೊಸೆ, ಮೊಮ್ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ, ಮಾದಪ್ಪನ ಬೆಟ್ಟಕ್ಕೆ, ಸಿದ್ಧಗಂಗೆಯ ಜಾತ್ರೆಗೆ ಹೊರಡುತ್ತದೆ.

ಹೀಗೆ ಕೈ ಬದಲಾದಾಗ ಬಸ್ಸಿನ ದಿನಚರಿಯೂ ಬದಲಾಗುತ್ತದೆ. ಬಹಳ ಮಾಲೀಕರು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಇದೇ. ದಿನಾ ಎರಡು ಶಿಫ್ಟ್ ಓಡುತ್ತಿದ್ದ ಗಾಡಿ ಈಗ ಮದುವೆ, ಯಾತ್ರೆಯ ಕಾಲ ಕಳೆದರೆ ವಾರಕ್ಕೊಂದೋ ತಿಂಗಳಿಗೆರಡೋ ಬಾಡಿಗೆಗೆ ಹೋಗುತ್ತದೆ. "ಓಡಾಟ ಕಮ್ಮಿ, ಸವೆತವೂ ಕಮ್ಮಿ" ಎಂದು ಮನೆಯವರು ನೆಮ್ಮದಿಯಿಂದ ಇರುತ್ತಾರೆ. ಆದರೆ ಗ್ಯಾರೇಜಿನ ಮೇಸ್ತ್ರಿಗಳನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಓಡುವ ಬಸ್ಸಿಗಿಂತ ನಿಂತ ಬಸ್ಸಿಗೇ ಆರೈಕೆ ಹೆಚ್ಚು ಬೇಕು. ಹಳೆಯ ಡೀಸೆಲ್ ಗಾಡಿಯನ್ನು ಕೆಡಿಸುವುದರಲ್ಲಿ ಕಿಲೋಮೀಟರಿನ ಪಾಲಿಗಿಂತ ಆಲಸ್ಯದ ಪಾಲು ದೊಡ್ಡದು.

ಮಳೆಗಾಲದಲ್ಲಿ ಅರ್ಧ ತುಂಬಿದ ಡೀಸೆಲ್ ಟ್ಯಾಂಕಿನೊಳಗೆ ಗಾಳಿಯ ತೇವ ತಂಪಾಗಿ ನೀರಾಗುತ್ತದೆ. ನೀರು ಡೀಸೆಲಿಗಿಂತ ಭಾರ. ತಳ ಸೇರಿ ತುಕ್ಕು ಹಿಡಿಸುತ್ತದೆ, ಎಂದೋ ಒಂದು ದಿನ ಪೈಪಿನ ದಾರಿ ಹಿಡಿದು ಪಂಪಿಗೆ ಹೋಗುತ್ತದೆ. ಬ್ರೇಕ್ ಆಯಿಲ್ ಕೂಡ ತೇವ ಹೀರುತ್ತದೆ. ವೀಲ್ ಸಿಲಿಂಡರಿನೊಳಗೆ ತುಕ್ಕು ಕೂತು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಭಾರ ಹೊತ್ತ ಟೈರಿನ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ರಬ್ಬರ್ ಸೀಲುಗಳು ಒಣಗಿ ಗಟ್ಟಿಯಾಗುತ್ತವೆ. ಇನ್ನು ಇಲಿಗಳು. ರಾಗಿ ಹುಲ್ಲಿನ ಮೆದೆಯ ಪಕ್ಕ ಬಸ್ಸು ನಿಲ್ಲಿಸಿದ ಮನೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಹೊಕ್ಕು ವೈರಿನ ಹೊದಿಕೆ ಕಡಿದು ಹೋಗುತ್ತವೆ. ತಾಮ್ರ ಬಯಲಾದ ಆ ವೈರು ಎಲ್ಲಿ, ಯಾವಾಗ ಕಿಡಿ ಹಾರಿಸುತ್ತದೋ ಗೊತ್ತಾಗುವುದಿಲ್ಲ.

ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ನಿಲ್ಲಿಸುವಾಗ ಟ್ಯಾಂಕು ತುಂಬಿಸಿಡುವುದು, ಬ್ಯಾಟರಿಗೆ ಕಟಾಫ್ ಸ್ವಿಚ್ ಹಾಕಿಸುವುದು, ಹದಿನೈದು ದಿನಕ್ಕೊಮ್ಮೆ ಬಸ್ಸನ್ನು ನಿಜವಾಗಿ ಓಡಿಸುವುದು. ಅಂಗಳದಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಸಾಕೆಂದು ಬಹಳ ಜನ ತಿಳಿದಿದ್ದಾರೆ. ಅದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು. ಇಂಜಿನ್ ಪೂರ್ತಿ ಕಾಯದೆ ಒಳಗಿನ ತೇವ ಹಾರಿಹೋಗುವುದಿಲ್ಲ, ಆಯಿಲಿನಲ್ಲೇ ಉಳಿದುಬಿಡುತ್ತದೆ. ರಾಮನಗರದಿಂದ ಮಾಗಡಿಗೋ ಕನಕಪುರಕ್ಕೋ ಒಂದು ಸಲ ಹೋಗಿ ಬಂದರೆ ಇಂಜಿನ್ ಕಾಯುತ್ತದೆ, ಗೇರ್‌ಬಾಕ್ಸಿನ ಆಯಿಲ್ ಎಲ್ಲ ಹಲ್ಲುಗಳಿಗೂ ತಾಗುತ್ತದೆ, ಬ್ರೇಕಿನ ಡ್ರಮ್ಮಿಗೆ ಹಿಡಿದ ತುಕ್ಕು ಉಜ್ಜಿಹೋಗುತ್ತದೆ, ಬ್ಯಾಟರಿಯೂ ತುಂಬುತ್ತದೆ. ಆ ಡೀಸೆಲ್ ಖರ್ಚನ್ನು ದಂಡವೆಂದು ಲೆಕ್ಕ ಹಾಕಬಾರದು.

ಬಾಡಿಗೆ ಬಸ್ಸಿನಲ್ಲಿ ಮನೆಮಂದಿಯೆಲ್ಲ ಹೊರಡುವ ರೂಢಿ ಈ ಸೀಮೆಯಲ್ಲಿ ಇಂದಿನದಲ್ಲ, ಆದರೆ ಅದು ಸಲೀಸಾಗಿಯೂ ನಡೆದು ಬಂದಿಲ್ಲ. 1976ರ ಜನವರಿ 30ರಂದು ದೇವರಾಜ ಅರಸು ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ರಾಜ್ಯದ ಖಾಸಗಿ ಕಾಂಟ್ರ್ಯಾಕ್ಟ್ ಕ್ಯಾರೇಜ್ ಬಸ್ಸುಗಳನ್ನು ವಶಪಡಿಸಿಕೊಂಡು ಕೆಎಸ್‌ಆರ್‌ಟಿಸಿಗೆ ಒಪ್ಪಿಸಿತು. ಮುಂದೆ ಅದು ಕಾಯ್ದೆಯಾಯಿತು. 1977ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಮದುವೆಗೆ ಸರ್ಕಾರಿ ಬಸ್ಸನ್ನೇ ಒಪ್ಪಂದದ ಮೇಲೆ ಪಡೆದ ಹಿರಿಯರು ಈಗಲೂ ಸಿಗುತ್ತಾರೆ. ಆ ಬಸ್ಸಿನ ಹಿಂದೆ ಒಂದು ಡಿಪೋ ಇರುತ್ತಿತ್ತು. ಲಾಗ್ ಶೀಟು, ಮೆಕ್ಯಾನಿಕ್ಕು, ಗ್ರೀಸಿನ ದಿನ, ಆಯಿಲಿನ ದಿನ ಎಲ್ಲವೂ ಇರುತ್ತಿದ್ದವು. ಈಗ ಬಾಡಿಗೆ ಬಸ್ಸುಗಳು ಮತ್ತೆ ಖಾಸಗಿಯವರ ಕೈಗೆ ಬಂದಿವೆ, ಇವತ್ತಿನ ಖಾಸಗಿ ಬಸ್ಸಿಗೆ ಮಾಲೀಕನ ಮನೆಯೇ ಡಿಪೋ. ನೆನಪಿಟ್ಟುಕೊಳ್ಳುವವರು ಯಾರು ಎಂಬುದೇ ಪ್ರಶ್ನೆ.

ಹಳೆಯ ಡೀಸೆಲ್ ಇಂಜಿನ್ನಿನ ಬಗ್ಗೆ ನಮ್ಮವರಿಗೆ ಒಂದು ಭಕ್ತಿಯೇ ಇದೆ, ಅದಕ್ಕೆ ಕಾರಣವೂ ಇದೆ. ಪೆಟ್ರೋಲ್ ಇಂಜಿನ್ನಿನಂತೆ ಇದಕ್ಕೆ ಕಿಡಿ ಹೊತ್ತಿಸುವ ಪ್ಲಗ್ಗು ಬೇಡ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಉರಿಯುತ್ತದೆ. ಬಿಎಸ್-3 ಕಾಲದವರೆಗಿನ ಎಷ್ಟೋ ಬಸ್ಸುಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡೀಸೆಲನ್ನು ಅಳೆದು ನಾಸಲ್‌ಗಳಿಗೆ ತಳ್ಳುವ ಒಂದು ಕಬ್ಬಿಣದ ಪಂಪು ಇದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇವತ್ತಿಗೂ "ಮೈಕೋ ಪಂಪ್." 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯ ಕೆಲಸ ಮುಂದೆ ಬಿಡದಿಗೇ ಬಂತು. ಹೀಗೆ ದೇಶದ ಎಷ್ಟೋ ಬಸ್ಸು ಲಾರಿಗಳ ಎದೆಯೊಳಗಿದ್ದ ಪಂಪಿನ ಮನೆತನ ಈಗ ರಾಮನಗರ ತಾಲ್ಲೂಕಿನಲ್ಲಿದೆ. ಈ ಸೀಮೆಯವರು ಹೆಮ್ಮೆಪಡಬಹುದಾದ ಮಾತು.

ಬಸ್ಸು ದಾರಿಯಲ್ಲಿ ಕೈಕೊಟ್ಟಾಗ ಇಂಜಿನ್ನೇ ಹೋಯಿತೆಂದು ಮನೆಯವರು ಕಂಗಾಲಾಗುತ್ತಾರೆ. ಬಹಳ ಸಲ ಹೋಗಿರುವುದು ಇಂಜಿನ್ ಅಲ್ಲ. ಹಳೇ ಮೈಸೂರು ರಸ್ತೆ ಪಕ್ಕದ ಗ್ಯಾರೇಜಿನಲ್ಲಿ ಸಂಜೆ ಹೊತ್ತು ಕೇಳಿಬರುವ ಮಾತು ಹೀಗಿರುತ್ತದೆ:

"ಬೆಳಿಗ್ಗೆ ಐದಕ್ಕೆ ದಿಬ್ಬಣ ಹೊರಡ್ಬೇಕು ಭಾಯ್. ಇಂಜಿನ್ ಬಿಚ್ಬೇಕಾ?"

"ಯಾಕಣ್ಣ ಗಾಬ್ರಿ? ಇಂಜಿನ್ ಏನೂ ಆಗಿಲ್ಲ. ಏರ್ ಎಳ್ಕೊಂಡೈತೆ ಅಷ್ಟೇ."

ಡೀಸೆಲ್ ಪೈಪಿನಲ್ಲಿ ಎಲ್ಲೋ ಒಂದು ವಾಷರ್ ಸವೆದಿರುತ್ತದೆ, ಹೋಸು ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಟ್ಯಾಂಕು ಪೂರ್ತಿ ಖಾಲಿಯಾಗುವವರೆಗೆ ಓಡಿಸಿರುತ್ತಾರೆ. ಗಾಳಿ ಹೊಕ್ಕರೆ ಪಂಪು ಒತ್ತಡ ಕಟ್ಟಲಾರದು. ಉಸ್ತಾದ್ ಫಿಲ್ಟರ್ ಮೇಲಿನ ಸಣ್ಣ ಬೋಲ್ಟನ್ನು ಸ್ಪ್ಯಾನರಿನಿಂದ ಎರಡು ಸುತ್ತು ಸಡಿಲಿಸುತ್ತಾರೆ. ಹುಡುಗ ಪಂಪಿನ ಪಕ್ಕದ ಕೈಪಂಪನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋಗುತ್ತಾನೆ. ಬೋಲ್ಟಿನ ಬುಡದಲ್ಲಿ ಮೊದಲು ಬರೀ ನೊರೆ. ಪುಸುಪುಸು ಎಂದು ಗುಳ್ಳೆಗಳು ಒಡೆಯುತ್ತವೆ. ಒತ್ತುತ್ತಲೇ ಇರಬೇಕು. ಗುಳ್ಳೆ ದೊಡ್ಡದಾಗಿ, ಆಮೇಲೆ ಸಣ್ಣದಾಗಿ, ಕೊನೆಗೆ ತಿಳಿಯಾದ ಡೀಸೆಲ್ ಸುರಿಯತೊಡಗಿದಾಗ ಉಸ್ತಾದ್ ಬೋಲ್ಟನ್ನು ಬಿಗಿದು ಬೆರಳಿನಿಂದ ಒರೆಸಿ ನೋಡುತ್ತಾರೆ, ಒಣಗಿದೆಯೇ ಎಂದು. ನಂತರ ನಾಸಲ್‌ಗಳ ಪೈಪಿನ ನಟ್ಟುಗಳು. ಸೆಲ್ಫ್ ಹೊಡೆದರೆ ಮೊದಲು ಒಂದು ಸಿಲಿಂಡರ್ ಕೆಮ್ಮುತ್ತದೆ, ಮತ್ತೊಂದು ಸೇರಿಕೊಳ್ಳುತ್ತದೆ, ಆಮೇಲೆ ನಾಲ್ಕೂ ಒಟ್ಟಾಗಿ ಹೊಡೆದುಕೊಳ್ಳುತ್ತವೆ. ಇಷ್ಟು ಕೆಲಸವನ್ನು ಪ್ರತಿಯೊಬ್ಬ ಡ್ರೈವರೂ ಕಲಿತಿರಬೇಕು. ಬಸ್ಸಿನಲ್ಲಿ ಅದಕ್ಕೆ ಬೇಕಾದ ಎರಡು ಸ್ಪ್ಯಾನರು, ಒಂದಿಷ್ಟು ತಾಮ್ರದ ವಾಷರು, ಒಂದು ಹೊಸ ಫಿಲ್ಟರು ಸದಾ ಇರಬೇಕು.

ನಾಸಲ್ ಪರೀಕ್ಷೆಯನ್ನೂ ಒಮ್ಮೆ ನಿಂತು ನೋಡಬೇಕು. ಕೈ ಲಿವರಿನ ಯಂತ್ರಕ್ಕೆ ನಾಸಲ್ ಸಿಕ್ಕಿಸಿ ಒತ್ತಿದರೆ, ಒಳ್ಳೆಯದಾದರೆ ಮಂಜಿನಂಥ ಹೊಗೆ ಚಿಮ್ಮುತ್ತದೆ. ಒತ್ತಿದಾಗಲೆಲ್ಲ ಕೊರ್ರೆಂಬ ಸದ್ದು. ಕೆಟ್ಟದ್ದಾದರೆ ತುದಿಯಲ್ಲಿ ಹನಿ ತೂಗುತ್ತದೆ. ಆ ಹನಿಯೇ ಸಿಲಿಂಡರಿನಲ್ಲಿ ಸರಿಯಾಗಿ ಉರಿಯದೆ ಕಪ್ಪು ಹೊಗೆಯಾಗಿ ಹಿಂದಿನ ಸ್ಕೂಟರಿನವರ ಮುಖಕ್ಕೆ ಬಡಿಯುವುದು. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಇಲ್ಲವೇ ಡೀಸೆಲ್ ಹೆಚ್ಚು. ಮೊದಲು ಏರ್ ಫಿಲ್ಟರ್ ನೋಡಬೇಕು, ಮಾಗಡಿ ಕಡೆಯ ಮಣ್ಣುದಾರಿಗಳಲ್ಲಿ ತಿರುಗಿದ ಬಸ್ಸಿಗಂತೂ ಖಂಡಿತ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಗೇಜಿನ ಕಡ್ಡಿಯಲ್ಲಿ ಹಾಲು ಬೆರೆತ ಬಣ್ಣ ಕಂಡರೆ, ನೀರು ಒಳಗೆ ಸೇರುತ್ತಿದೆ. ಅಂಥ ಬಸ್ಸನ್ನು ಆ ದಿನ ಹೊರಡಿಸಬಾರದು.

ನೀರಿನ ಮಾತು ಬಂತು. ಇದು ಕಲ್ಲುಬೆಟ್ಟಗಳ ಸೀಮೆ. ರಾಮದೇವರ ಬೆಟ್ಟದಿಂದ ಸಾವನದುರ್ಗದವರೆಗೆ ಎಲ್ಲಿ ಕೊರೆದರೂ ಗ್ರಾನೈಟ್. ಬೋರ್‌ವೆಲ್ಲಿನ ಗಡಸು ನೀರು ರೇಡಿಯೇಟರಿಗೆ ಹೋದರೆ ಸಣ್ಣ ಕೊಳವೆಗಳಲ್ಲಿ ಬಿಳಿಯ ಕಕ್ಕು ಕಟ್ಟುತ್ತದೆ. ದಾರಿಯಲ್ಲಿ ಸಿಕ್ಕ ನಲ್ಲಿಯಿಂದ ಕ್ಯಾನು ತುಂಬಿ ಸುರಿಯುವ ಅಭ್ಯಾಸ ಬಿಟ್ಟು ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನ ಜೊತೆ ಹಾಕಿದರೆ ರೇಡಿಯೇಟರು, ವಾಟರ್ ಪಂಪು ಎರಡೂ ಬಾಳುತ್ತವೆ. ಹೀಟ್ ಆಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಮೇಸ್ತ್ರಿಗಳಿದ್ದಾರೆ. ಅದು ತಪ್ಪು. ಇಂಜಿನ್ ಬೇಕಾದಷ್ಟು ಕಾಯದೆ ಓಡಿದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಹೀಟ್ ಆಗುವುದಕ್ಕೆ ಕಾರಣ ಫ್ಯಾನ್ ಬೆಲ್ಟ್ ಸಡಿಲವೋ, ಕಕ್ಕು ಕಟ್ಟಿದೆಯೋ, ರೇಡಿಯೇಟರಿನ ಮುಚ್ಚಳ ಸೋತಿದೆಯೋ ಹುಡುಕಬೇಕು.

ಆದರೂ ಇಂಜಿನ್ನಿಗೆ ಸಿಗುವ ಗಮನದಲ್ಲಿ ಕಾಲುಭಾಗವೂ ಬ್ರೇಕಿಗೆ ಸಿಗುವುದಿಲ್ಲ. ಇಂಜಿನ್ ಕೆಟ್ಟರೆ ಬಸ್ಸು ನಿಂತುಹೋಗುತ್ತದೆ, ಮುಹೂರ್ತಕ್ಕೆ ತಡವಾಗುತ್ತದೆ. ಬ್ರೇಕ್ ಕೆಟ್ಟರೆ ಬಸ್ಸು ನಿಲ್ಲುವುದಿಲ್ಲ.

ಕನಕಪುರದಿಂದ ಮಳವಳ್ಳಿ, ಕೊಳ್ಳೇಗಾಲ, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿ ಈ ಸೀಮೆಯವರಿಗೆ ಚಿರಪರಿಚಿತ. ತಾಳಬೆಟ್ಟದಿಂದ ಮುಂದೆ ಒಂದಾದ ಮೇಲೊಂದು ತಿರುವು. ಹತ್ತುವಾಗ ಬಸ್ಸು ನರಳುತ್ತದೆ, ಎಲ್ಲರೂ "ಉಘೇ ಮಾದಪ್ಪ" ಎನ್ನುತ್ತಾರೆ. ಬಸ್ಸಿಗೆ ನಿಜವಾದ ಪರೀಕ್ಷೆ ಇಳಿಯುವಾಗ, ದರ್ಶನ ಮುಗಿದು ಒಳಗಿರುವವರು ನಿದ್ದೆಗೆ ಜಾರಿದ ಹೊತ್ತಿನಲ್ಲಿ. ಡ್ರೈವರ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮು ಕೆಂಡದಂತೆ ಕಾಯುತ್ತದೆ, ಲೈನರು ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಒತ್ತಿದರೂ ಬಸ್ಸು ಕೇಳುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಸಬೇಕು, ಭಾರವನ್ನು ಇಂಜಿನ್ನಿಗೆ ಹೊರಿಸಬೇಕು ಎಂದು ಹಿರಿಯ ಡ್ರೈವರುಗಳು ಕ್ಲೀನರ್ ಹುಡುಗರಿಗೆ ಮೊದಲ ಪಾಠವಾಗಿ ಹೇಳಿಕೊಡುತ್ತಾರೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವುದು ಕೊಲೆಗೆ ಸಮ. ಸಣ್ಣ ಬಸ್ಸುಗಳಲ್ಲಿ ಬ್ರೇಕಿಗೆ ಬಲ ಕೊಡುವುದು ಇಂಜಿನ್ ಜೊತೆಗೇ ತಿರುಗುವ ವ್ಯಾಕ್ಯೂಂ ಪಂಪು. ಇಂಜಿನ್ ಆರಿಸಿದರೆ ಆ ಬಲವೂ ಹೋಗುತ್ತದೆ, ಪೆಡಲ್ ಕಲ್ಲಾಗುತ್ತದೆ. ದೊಡ್ಡ ಬಸ್ಸಿನ ಏರ್ ಬ್ರೇಕಿಗೆ ಬೇರೆ ಬಗೆಯ ಆರೈಕೆ: ಗಾಳಿಯ ಟ್ಯಾಂಕಿನಲ್ಲಿ ಕೂಡುವ ನೀರನ್ನು ತಪ್ಪದೆ ಬಿಡಬೇಕು, ಎಲ್ಲಾದರೂ ಸುಯ್ಯೆನ್ನುತ್ತಿದೆಯೇ ಎಂದು ಇಂಜಿನ್ ಆರಿಸಿ ಕಿವಿಗೊಡಬೇಕು.

ಧರ್ಮಸ್ಥಳದ ದಾರಿಯಲ್ಲಿ ಶಿರಾಡಿ ಘಾಟಿಯದೂ ಇದೇ ಪಾಠ. ಅದೂ ಮಳೆಯಲ್ಲಿ.

ಆದ್ದರಿಂದ ಆಷಾಢದ ಕೆಲಸದಲ್ಲಿ ನಾಲ್ಕೂ ಡ್ರಮ್ಮು ಬಿಚ್ಚುವುದು ಮೊದಲನೆಯದಾಗಬೇಕು. ಲೈನರ್ ದಪ್ಪ ನೋಡಿ ಬೇಕಾದರೆ ಹೊಸದು ಹೊಡೆಸಬೇಕು, ವೀಲ್ ಸಿಲಿಂಡರಿಗೆ ಹೊಸ ಕಿಟ್ ಹಾಕಬೇಕು, ಬ್ರೇಕ್ ಆಯಿಲ್ ಪೂರ್ತಿ ಬದಲಿಸಬೇಕು, ಗೆರೆ ಬಿದ್ದ ಡ್ರಮ್ಮನ್ನು ಲೇತಿಗೆ ಕೊಡಬೇಕು. ಬ್ರೇಕಿನ ಸಾಮಾನಿನಲ್ಲಿ ಸೆಕೆಂಡ್‌ಹ್ಯಾಂಡ್ ಬೇಡ. ಬಾಗಿಲು, ಬಂಪರು, ಸೀಟಿನ ಚೌಕಟ್ಟು ಇಂಥವನ್ನು ಗುಜರಿಯಲ್ಲಿ ಹುಡುಕಲಿ, ತಪ್ಪೇನಿಲ್ಲ. ಬ್ರೇಕು, ಸ್ಟೇರಿಂಗಿಗೆ ಸೇರಿದ್ದೇನಿದ್ದರೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಬಿಲ್ಲು ಕೇಳಿ ಹೊಸದನ್ನೇ ತರಬೇಕು.

ಟೈರಿನ ವಿಷಯದಲ್ಲಿ ರಸ್ತೆಯೇ ಬದಲಾಗಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿಂದಲೇ ಬಳಸಿ ಹೋಗುತ್ತದೆ. ಹಳೆಯ ರಸ್ತೆಯಲ್ಲಿ ಹಂಪು, ಸಿಗ್ನಲ್ಲು, ಕೆಂಗಲ್ ಆಂಜನೇಯನಿಗೆ ಕೈಮುಗಿಯಲು ಒಂದು ನಿಲುಗಡೆ ಎಂದು ಬಸ್ಸಿಗೆ ಅಲ್ಲಲ್ಲಿ ಉಸಿರು ಸಿಗುತ್ತಿತ್ತು. ಹೊಸ ರಸ್ತೆಯಲ್ಲಿ ಹಳೆಯ ಬಸ್ಸು ತುಂಬಿದ ಭಾರದಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುತ್ತದೆ, ಮಧ್ಯಾಹ್ನದ ಬಿಸಿಲಿಗೆ ಕಾಂಕ್ರೀಟು, ಡಾಂಬರು ಸುಡುತ್ತಿರುತ್ತವೆ. ಸವೆದ ಟೈರಿಗೆ ಹೊಸ ಪಟ್ಟೆ ಅಂಟಿಸಿದ ರೀಬಟನ್ ಟೈರು ಇಂಥ ಕಾವಿನಲ್ಲೇ ಎದ್ದು ಬರುವುದು. ಮುಂದಿನ ಎರಡು ಚಕ್ರಕ್ಕೆ ರೀಬಟನ್ ಯಾವತ್ತೂ ಕೂಡದು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳವಾಗಿ ಕಾಣಲಿ, ಹಳೆಯ ರಬ್ಬರ್ ಹಳೆಯದೇ. ಹಿಂದಿನ ಜೋಡಿ ಚಕ್ರಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದು ಕ್ಲೀನರ್ ಬಗ್ಗಿ ನೋಡುವುದು, ರಾಡಿನಿಂದ ಟೈರು ತಟ್ಟಿ ಸದ್ದು ಕೇಳುವುದು ಹಳೆಯ ಕ್ರಮ. ಆ ಕ್ರಮವನ್ನು ಬಿಡಬಾರದು.

ಬಸ್ಸಿನ ಅಡಿಗೆ ಹೋಗಿ ನೋಡುವವರು ಇನ್ನೂ ಕಡಿಮೆ. ಅಲ್ಲಿ ಕಮಾನು ಪಟ್ಟೆಗಳಿವೆ, ಅವನ್ನು ಹಿಡಿದ ಯು ಬೋಲ್ಟುಗಳಿವೆ, ಉದ್ದನೆಯ ಪ್ರೊಪೆಲ್ಲರ್ ಶಾಫ್ಟು, ಅದರ ಎರಡು ತುದಿಗೂ ಕ್ರಾಸು. ಗ್ರೀಸ್ ಗನ್ ಹಿಡಿದು ನಿಪ್ಪಲ್‌ಗಳಿಗೆ ಒತ್ತಿದರೆ ಮೊದಲು ಮಸಿಯಂಥ ಹಳೆಯ ಗ್ರೀಸು ಹೊರಬರುತ್ತದೆ. ಹೊಸ ಗ್ರೀಸು ಇಣುಕುವವರೆಗೆ ಒತ್ತಬೇಕು. ಗೇರ್ ಹಾಕಿ ಕ್ಲಚ್ ಬಿಡುವಾಗ ಅಡಿಯಲ್ಲಿ ಟಕ್ಕೆಂದರೆ ಕ್ರಾಸು ಸವೆದಿದೆ. ಅದು ಕಡಿದು ಶಾಫ್ಟು ಕೆಳಗೆ ಬಿದ್ದರೆ ಬಸ್ಸು ಯಾವ ಕಡೆ ಎಳೆಯುತ್ತದೋ ಹೇಳಲಾಗದು. ಒಂದು ಕ್ರಾಸಿನ ಬೆಲೆ ಒಂದು ಬಾಡಿಗೆಯ ಸಣ್ಣ ಪಾಲು.

ಕುಟುಂಬ ಕೂರುವ ಬಸ್ಸಿಗೆ ಕಾರ್ಖಾನೆಯ ಬಸ್ಸಿಗಿಲ್ಲದ ಅಗತ್ಯಗಳೂ ಇವೆ. ಕಾರ್ಮಿಕರು ಮುಕ್ಕಾಲು ಗಂಟೆ ಕೂತು ಇಳಿಯುತ್ತಿದ್ದರು. ಈಗ ಮಂಡಿನೋವಿನ ಅಜ್ಜಿ ಎಂಟು ಗಂಟೆ ಕೂರಬೇಕು. ಮೊದಲ ಮೆಟ್ಟಿಲು ಎತ್ತರ, ಅದರ ಕೆಳಗೊಂದು ಹೆಚ್ಚಿನ ಮೆಟ್ಟಿಲು, ಕೈಗೆ ಗಟ್ಟಿಯಾದ ಕಂಬಿ ಬೇಕು. ಮಳೆಯಲ್ಲಿ ಮಾಡು ಸೋರಿದರೆ ಪ್ಲೈವುಡ್ ನೆಲ ಕೊಳೆಯುತ್ತದೆ, ಸೀಟಿನ ಬೋಲ್ಟು ಹಿಡಿತ ಬಿಡುತ್ತದೆ. ಬ್ರೇಕ್ ಹಾಕಿದಾಗ ಸೀಟೇ ಕಿತ್ತು ಬರುವುದು ಹೀಗೆ. ರಾಮನಗರ ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲ ಸಾಗಿಸಿದ ಬಸ್ಸಾದರೆ ತೊಳೆದು ಒಂದು ದಿನ ಬಿಸಿಲಿಗೆ ನಿಲ್ಲಿಸದೆ ಮಕ್ಕಳನ್ನು ಹತ್ತಿಸಬೇಡಿ, ಆ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಾರೆ. ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ದಾರಿಯಲ್ಲಿ ಅಡುಗೆ ಮಾಡಿಕೊಳ್ಳಲು ಗ್ಯಾಸ್ ಸಿಲಿಂಡರನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಹೊರಡುವ ಪದ್ಧತಿ ನಿಲ್ಲಬೇಕು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಮನೆಯಿಂದಲೇ ಕಟ್ಟಿಕೊಂಡು ಹೋದರೆ ಸಾಕು.

ದುಡ್ಡು ಎಲ್ಲಿಂದ ಎಂದು ಮಾಲೀಕರು ಕೇಳುವುದು ಸುಳ್ಳಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಬಾಡಿಗೆ ಗೊತ್ತುಮಾಡುವ ಮನೆಯವರು ಪ್ರತಿ ರೂಪಾಯಿಯನ್ನೂ ಎಣಿಸುತ್ತಾರೆ. ಆದರೆ ಇರುವ ದುಡ್ಡು ಹೋಗುವುದು ಎಲ್ಲಿಗೆ? ಬಣ್ಣದ ಎಲ್ಇಡಿ ಸಾಲು, ಎದೆ ನಡುಗಿಸುವ ಸ್ಪೀಕರು, ಗಾಜಿನ ತುಂಬ ಸ್ಟಿಕ್ಕರು. ಮದುವೆ ಮನೆಯ ಹುಡುಗರು ಕೇಳುತ್ತಾರೆ, ಮಾಲೀಕರು ಹಾಕಿಸುತ್ತಾರೆ. ಈ ಹೆಚ್ಚುವರಿ ವೈರುಗಳೆಲ್ಲ ಫ್ಯೂಸಿಲ್ಲದೆ ನೇರ ಬ್ಯಾಟರಿಗೆ ಹೋದರೆ ಬೆಂಕಿಯ ದಾರಿ ತೆರೆದಂತೆ. ಮೊದಲು ಬ್ರೇಕು, ಟೈರು, ಸ್ಟೇರಿಂಗು, ಆಮೇಲೆ ಕೂಲಿಂಗು, ಡೀಸೆಲ್ ಫಿಲ್ಟರು, ಉಳಿದರೆ ಹಾಡು.

ಕಾಗದಪತ್ರವನ್ನು ಕೆಎ-42ರ ಆರ್‌ಟಿಒ ಕಚೇರಿಗೆ ಅಲೆಯುವ ತಲೆನೋವು ಎಂದಷ್ಟೇ ನೋಡುವುದು ಸರಿಯಲ್ಲ. ಬಾಡಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಮಾಡಿಸಬೇಕು. ಬಿಎಸ್-4ಕ್ಕಿಂತ ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ ಹೊಗೆ ಪರೀಕ್ಷೆ. ಎಫ್‌ಸಿಯ ಹಿಂದಿನ ದಿನ ಸ್ನೇಹಿತರ ಬಸ್ಸಿನಿಂದ ಒಳ್ಳೆಯ ಟೈರು ಸಾಲ ತಂದು ಹಾಕಿ, ಮರುದಿನ ಬಿಚ್ಚಿ ಕೊಡುವವರನ್ನು ಕಾಣಬಹುದು. ಆ ಸರ್ಟಿಫಿಕೇಟು ಯಾರ ಪ್ರಾಣವನ್ನೂ ಉಳಿಸುವುದಿಲ್ಲ.

2018ರ ನವೆಂಬರ್ 24ನ್ನು ಹಳೇ ಮೈಸೂರು ಸೀಮೆಯವರು ಮರೆತಿಲ್ಲ. ನಟ ಅಂಬರೀಶ್ ತೀರಿಕೊಂಡ ದಿನ ಅದು. ಅದೇ ದಿನ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಮಂದಿ ಜೀವ ಕಳೆದುಕೊಂಡರು, ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳಿದ್ದರು. ಚನ್ನಪಟ್ಟಣದಿಂದ ಬಹಳ ದೂರವೇನಲ್ಲ ಆ ಊರು. ಬಸ್ಸು ಬಾಗಿಲಿನ ಕಡೆಗೇ ಮಗುಚಿದರೆ ಒಳಗಿರುವವರಿಗೆ ಉಳಿಯುವ ದಾರಿ ತುರ್ತು ಕಿಟಕಿ ಒಂದೇ. ಎಷ್ಟು ಹಳೆಯ ಬಸ್ಸುಗಳಲ್ಲಿ ಆ ಕಿಟಕಿಯ ಚಿಲಕ ಬಣ್ಣ ಮೆತ್ತಿಕೊಂಡು ಕಚ್ಚಿಹೋಗಿದೆ, ಎಷ್ಟರಲ್ಲಿ ಅದಕ್ಕೆ ಅಡ್ಡವಾಗಿ ಹೆಚ್ಚುವರಿ ಸೀಟು ಕೂರಿಸಿದ್ದಾರೆ! ಆಷಾಢದಲ್ಲಿ ಚಿಲಕಕ್ಕೆ ಎಣ್ಣೆ ಬಿಟ್ಟು ಒಮ್ಮೆ ತೆರೆದು ಮುಚ್ಚಲು ಬೇಕಾಗುವುದು ಐದು ನಿಮಿಷ.

ಹಳೆಯ ಬಸ್ಸನ್ನು ಓಡಿಸಲೇಬಾರದು ಎಂದು ಇದರ ಅರ್ಥವಲ್ಲ. ಕೆಎಸ್‌ಆರ್‌ಟಿಸಿಯೇ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ತನ್ನ ಬಸ್ಸುಗಳನ್ನು ಕೆಂಗೇರಿಯೂ ಸೇರಿದಂತೆ ತನ್ನ ಕಾರ್ಯಾಗಾರಗಳಲ್ಲಿ ಬಿಚ್ಚಿ, ಕೊಳೆತ ಚೌಕಟ್ಟು, ತಗಡು, ನೆಲ, ಸೀಟು ಬದಲಿಸಿ ಪುನಶ್ಚೇತನಗೊಳಿಸುವ ಕೆಲಸವನ್ನು ಈಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡಿದೆ. ಹಾಗೆ ಹೊಸ ರೂಪ ಪಡೆದ ಬಸ್ಸುಗಳು ಸಾವಿರ ದಾಟಿವೆ, ಖರ್ಚು ಹೊಸ ಬಸ್ಸಿನ ಬೆಲೆಯ ಸಣ್ಣ ಭಾಗ. ಜೊತೆಗೆ ಕೇಂದ್ರದ ನಿಯಮದಂತೆ 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಎರಡೂ ಸರಿಯೇ. ಯಾವುದನ್ನು ಎಲ್ಲಿಯವರೆಗೆ ರಿಪೇರಿ ಮಾಡಬೇಕು, ಯಾವಾಗ ಕೈಬಿಡಬೇಕು ಎಂಬ ಲೆಕ್ಕ ಖಾಸಗಿ ಮಾಲೀಕರಿಗೂ ಇರಬೇಕು. ಚಾಸಿಯೇ ಬಿರುಕು ಬಿಟ್ಟು ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಬಿದ್ದ ಬಸ್ಸನ್ನು, ಅದು ಮನೆಗೆ ಎಷ್ಟೇ ಅನ್ನ ಹಾಕಿರಲಿ, ಗುಜರಿಗೆ ಕಳಿಸುವುದೇ ಧರ್ಮ.

ಡಿಪೋಗಳಿಂದ ಖಾಸಗಿಯವರು ಕಲಿಯಬೇಕಾದದ್ದು ಮುಖ್ಯವಾಗಿ ಬರೆದಿಡುವುದನ್ನು. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಆಯಿಲ್ ಬದಲಿಸಿದ ದಿನ, ಆಗಿನ ಕಿಲೋಮೀಟರ್, ಯಾವ ಫಿಲ್ಟರು, ಯಾವ ಚಕ್ರದ ಲೈನರು, ಎಷ್ಟು ಡೀಸೆಲಿಗೆ ಎಷ್ಟು ಓಡಿತು. ಮೈಲೇಜು ಇದ್ದಕ್ಕಿದ್ದಂತೆ ಇಳಿದರೆ ಏನೋ ಕೆಡುತ್ತಿದೆ ಎಂದು ಪುಸ್ತಕವೇ ಮೊದಲು ಹೇಳುತ್ತದೆ. ಮನೆಯಲ್ಲಿ ಪಿಯುಸಿ ಓದುವ ಮಗಳಿದ್ದರೆ ಈ ಪುಸ್ತಕವನ್ನು ಅವಳ ಕೈಗೆ ಕೊಡಿ, ಅಪ್ಪನಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ.

ಇನ್ನು ಬಸ್ಸು ಗೊತ್ತುಮಾಡುವ ಮನೆಯವರಿಗೆ ಎರಡು ಮಾತು. ಫೋನಿನಲ್ಲೇ ಬಾಡಿಗೆ ಕುದುರಿಸಬೇಡಿ; ಹಗಲು ಹೊತ್ತಿನಲ್ಲಿ ಹೋಗಿ ಬಸ್ಸನ್ನು ನೋಡಿ. ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್ ಕೇಳಿ. ಮುಂದಿನ ಟೈರಿನ ನಾಲ್ಕು ಅಂಕಿ ಓದಿ, ತುರ್ತು ಕಿಟಕಿಯನ್ನು ನಿಮ್ಮ ಕೈಯಿಂದಲೇ ತೆರೆದು ನೋಡಿ. ಹೋದ ಊರಿನಲ್ಲಿ ಡ್ರೈವರಿಗೆ ಊಟದ ಜೊತೆ ಮಲಗಲು ಒಂದು ಜಾಗವನ್ನೂ ಮಾಡಿಕೊಡಿ, ರಾತ್ರಿಯೆಲ್ಲ ಓಡಿಸಿದವರನ್ನು ಬೆಳಿಗ್ಗೆಯೇ ಮತ್ತೆ ಘಾಟಿ ಇಳಿಸು ಎನ್ನಬೇಡಿ. ಬ್ರೇಕಿನ ಕೆಲಸ ಮಾಡಿಸಿದ ಬಿಲ್ಲನ್ನು ತೆಗೆದು ತೋರಿಸುವ ಮಾಲೀಕರು ಪಕ್ಕದವರಿಗಿಂತ ಸಾವಿರ ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಟ್ಟು, ಆ ಬಸ್ಸನ್ನೇ ಗೊತ್ತುಮಾಡಿಕೊಳ್ಳಿ.